ನಮ್ಮ ಜಂಕ್ಷನ್ನಿನ ಹುಡುಗರು

ಕರಾವಳಿಯಲ್ಲಿ ಕೋಮುವಾದದ ವಿರುದ್ಧ ಕೆಲಸ ಮಾಡುತ್ತೇನೆ ಅಂದಾಗ ಘಟ್ಟದ ಮೇಲಿನ ಸ್ನೇಹಿತರು ಮೊದಲು ಕೇಳುವುದು, "ಹೆದರಿಕೆ ಆಗಲ್ವಾ?" ಅಂತ. ಆಗುತ್ತದೆ. ಅದಾದ ಮೇಲೆ ಬರುವ ಪ್ರಶ್ನೆ, "ಅಂದ್ರೆ, ನೀವು ಏನು ಮಾಡ್ತೀರಿ?" ಇದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಬಂಟ್ವಾಳ ತಾಲೂಕಿನವಳು. ವಯಸ್ಸು 28. ವಕೀಲೆ, ಇನ್ನೂ ಜೂನಿಯರ್. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿ ಸಂಘಟನೆಯಲ್ಲಿದ್ದೆ, ಈಗ ಯುವಜನರ ಸಂಘಟನೆಯೊಂದರಲ್ಲಿದ್ದೇನೆ. ನಮ್ಮದು ಬಿಲ್ಲವರ ಮನೆ. ಅಪ್ಪ ಬೇಗ ತೀರಿಕೊಂಡರು, ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಓದಿಸಿದರು. ದಕ್ಷಿಣ ಕನ್ನಡದ ಒಳಗಿನ ಹಳ್ಳಿಗಳಲ್ಲಿ ಬೆಳೆದವರಿಗೆ ಬೀಡಿ ಬ್ರಾಂಚ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಕಂಪನಿಯವರು ಎಲೆ, ಹೊಗೆಸೊಪ್ಪು, ನೂಲು ಕೊಟ್ಟು, ಕಟ್ಟಿದ ಬೀಡಿಯನ್ನು ಲೆಕ್ಕ ಮಾಡಿ ತೆಗೆದುಕೊಳ್ಳುವ ಸಣ್ಣ ಕಟ್ಟಡ. ಅಲ್ಲಿ ಸಾಲಿನಲ್ಲಿ ನಿಲ್ಲುವವರೆಲ್ಲ ಹೆಂಗಸರು. ಬಿಲ್ಲವರು, ಮೂಲ್ಯರು, ಬ್ಯಾರಿಗಳು (ಕರಾವಳಿಯ ಮುಸ್ಲಿಮರು), ಕ್ರಿಶ್ಚಿಯನ್ನರು. ಬೀಡಿ ಸರಿಯಿಲ್ಲವೆಂದು ಚೆಕ್ಕರ್ ಮುರಿದು ಬಿಸಾಡಿದರೆ ಎಲ್ಲರ ಹೊಟ್ಟೆಯೂ ಒಂದೇ ಥರ ಉರಿಯುತ್ತಿತ್ತು. ಕನಿಷ್ಠ ಕೂಲಿ, ಪಿಎಫ್, ಹೆರಿಗೆ ಭತ್ಯೆ ಎಂದು ಯೂನಿಯನ್ನಿನವರು ಮೆರವಣಿಗೆ ಕರೆದಾಗ ಅಮ್ಮ ಪಕ್ಕದ ಮನೆಯ ಬ್ಯಾರಿ ಹೆಂಗಸಿನ ಜೊತೆ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋಗುತ್ತಿದ್ದರು. ನನ್ನ ರಾಜಕೀಯ ಶುರುವಾದದ್ದು ಅಲ್ಲಿ, ಅಮ್ಮನ ಸೆರಗು ಹಿಡಿದುಕೊಂಡು. ಈಗ ಆ ಬ್ರಾಂಚುಗಳಲ್ಲಿ ಕೆಲಸ ತೀರಾ ಕಡಿಮೆಯಾಗಿದೆ. ಹುಡುಗಿಯರು ಬೀಡಿಗೆ ಕೂರುವುದಿಲ್ಲ, ಕೂರಲೂಬಾರದು. ಆದರೆ ಎರಡೂ ಕಡೆಯ ಹೆಂಗಸರು ವಾರವಿಡೀ ಭೇಟಿಯಾಗುತ್ತಿದ್ದ ಆ ಜಾಗ ಹೋದದ್ದಕ್ಕೆ ಬದಲು ಇನ್ನೊಂದು ಬರಲಿಲ್ಲ. ನಮ್ಮ ಜಿಲ್ಲೆ ಹೀಗಾದದ್ದಕ್ಕೆ ಕಾರಣ ಹುಡುಕುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನ್ನ ದೂರು.

2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಆಗ ಆರನೇ ಕ್ಲಾಸು. ಕೂದಲು ಹಿಡಿದು ನೆಲಕ್ಕೆ ಕೆಡವಿದ್ದು, ಬಾಗಿಲಿನ ಹೊರಗೆ ಓಡಿದವರ ಬೆನ್ನಿಗೆ ಬಿದ್ದ ಏಟು, ಎಲ್ಲವೂ ಕ್ಯಾಮೆರಾದಲ್ಲಿತ್ತು. ದೇಶವೆಲ್ಲ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾದಾಗಲೂ ಕ್ಯಾಮೆರಾ ಇತ್ತು. ಇಷ್ಟು ಸಾಕ್ಷಿ ಇರುವಾಗ ಶಿಕ್ಷೆ ಆಗಿಯೇ ಆಗುತ್ತದೆ ಎಂದು ನಾವು ಮಕ್ಕಳೆಲ್ಲ ನಂಬಿದ್ದೆವು. ನಾನು ಕಾನೂನು ಓದುತ್ತಿದ್ದಾಗ, 2018ರ ಮಾರ್ಚ್‌ನಲ್ಲಿ, ಪಬ್ ಪ್ರಕರಣದ ಆರೋಪಿಗಳು ಖುಲಾಸೆಯಾದರು. ಹೋಂಸ್ಟೇ ಪ್ರಕರಣದ ಆರೋಪಿಗಳು 2024ರಲ್ಲಿ ಖುಲಾಸೆಯಾದರು. ದೇಶವೇ ನೋಡಿದ ಏಟನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ಆಗಲಿಲ್ಲ.

ಈಗ ವಕೀಲಳಾಗಿ ನನಗೆ ಅದು ಹೇಗೆ ಆಗುತ್ತದೆಂದು ಗೊತ್ತು. ಏಟು ತಿಂದ ಹುಡುಗಿ ಊರು ಬಿಡುತ್ತಾಳೆ. ಮದುವೆಯಾಗುತ್ತದೆ. ಸಮನ್ಸ್ ಬಂದಾಗ ಗಂಡನ ಮನೆಯವರಿಗೆ ವಿಷಯ ಗೊತ್ತಿರುವುದಿಲ್ಲ. ಅವಳು ಬರುವುದಿಲ್ಲ, ಬಂದರೂ ಯಾರನ್ನೂ ಗುರುತಿಸುವುದಿಲ್ಲ. ಮಹಜರಿಗೆ ಸಹಿ ಹಾಕಿದ ಅಂಗಡಿಯವನು "ಪೊಲೀಸರು ಸಹಿ ಹಾಕು ಅಂದರು, ಹಾಕಿದೆ" ಅನ್ನುತ್ತಾನೆ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವನು ಅದೇ ಜಂಕ್ಷನ್ನಿನಲ್ಲಿ ನಾಳೆ ಅಂಗಡಿ ತೆರೆಯಬೇಕು. ಸಾಕ್ಷಿಗಳ ರಕ್ಷಣೆಗೆ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅಂಥ ಯೋಜನೆಯನ್ನು ರಾಜ್ಯಗಳು ಮಾಡಲೇಬೇಕೆಂದಿದೆ. ಆದರೆ ಸಾಕ್ಷಿಯ ಪಕ್ಕ ಹೋಗಿ ಕೂರುವವರು ಯಾರು?

ಆ ಕೆಲಸವನ್ನು ನಾವು ಕೆಲವರು ಮಾಡುತ್ತೇವೆ. ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಕ್ಲಾಸ್‌ಮೇಟ್ ಹುಡುಗನ ಜೊತೆ ಖಾಸಗಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತಿದ್ದಳು. ಅವನು ಬೇರೆ ಧರ್ಮದವನು. ಬಸ್ಸಿನಲ್ಲಿದ್ದ ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಮೂರನೇ ಸ್ಟಾಪಿಗೆ ಬರುವಷ್ಟರಲ್ಲಿ ಬೈಕುಗಳು ಬಂದಿದ್ದವು. ಹುಡುಗನನ್ನು ಕೆಳಗಿಳಿಸಿ ಹೊಡೆದರು. ಇವಳ ಮೊಬೈಲು ಕಿತ್ತುಕೊಂಡು, ಅದರಿಂದಲೇ ಇವಳ ಅಪ್ಪನಿಗೆ ಫೋನ್ ಮಾಡಿದರು. "ನಿಮ್ಮ ಮಗಳನ್ನು ಕಾಪಾಡಿದ್ದೇವೆ, ಬಂದು ಕರಕೊಂಡು ಹೋಗಿ."

ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವ ದಿನ ಅವಳ ಜೊತೆ ಹೋಗಿದ್ದೆ. ಹಳೆಯ ಸಂಹಿತೆಯಲ್ಲಿ 164, ಹೊಸದರಲ್ಲಿ 183ನೇ ಸೆಕ್ಷನ್. ಹೇಳಿಕೆ ಕೊಡುವಾಗ ಒಳಗೆ ನಾವು ಇರುವ ಹಾಗಿಲ್ಲ. ಹೊರಗಿನ ಬೆಂಚಿನಲ್ಲಿ ಅವಳ ಅಮ್ಮ, ನಾನು. ಅಮ್ಮ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ತುಳುವಿನಲ್ಲಿ ಒಂದೇ ಮಾತು ಕೇಳುತ್ತಿದ್ದರು: "ಹೆಸರು ಪೇಪರಿನಲ್ಲಿ ಬರ್ತದಾ ಮಗಾ?" ಬರುವುದಿಲ್ಲ ಅಂದೆ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ. ಎದುರಿನ ಕಂಬದ ಹತ್ತಿರ ಇಬ್ಬರು ಹುಡುಗರು ಫೋನ್ ನೋಡುತ್ತಾ ನಿಂತಿದ್ದರು. ಒಬ್ಬನನ್ನು ನಾನು ಬಲ್ಲೆ, ನಮ್ಮ ಶಾಲೆಯಲ್ಲೇ ನನ್ನ ತಮ್ಮನ ಜೊತೆ ಓದಿದವನು. ಅವನು ನನ್ನ ಮುಖ ನೋಡಲಿಲ್ಲ. ನಾನು ಎದ್ದು ಹೋಗಿ ಅವನ ಹತ್ತಿರ, "ಅಮ್ಮ ಹೇಗಿದ್ದಾರೆ, ಮಂಡಿ ನೋವು ಕಡಿಮೆ ಆಯ್ತಾ?" ಅಂತ ಕೇಳಿದೆ. "ಉಂಟು ಅಕ್ಕ, ಹಾಗೇ ಉಂಟು" ಅಂದ. ಆಮೇಲೆ ಇಬ್ಬರೂ ಅಲ್ಲಿಂದ ಹೋದರು. ಹುಡುಗಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಆದರೆ ಎಲ್ಲವನ್ನೂ ಹೇಳಿದ್ದಳು. ಆ ಕೇಸು ಇನ್ನೂ ನಡೆಯುತ್ತಿದೆ. ಹುಡುಗಿ ಊರು ಬಿಟ್ಟಿಲ್ಲ.

ಶಕ್ತಿವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದನ್ನು ತಡೆಯುವ ಹಕ್ಕು ಯಾವ ಗುಂಪಿಗೂ ಇಲ್ಲ, ಅಂಥ ಜೋಡಿಗಳ ರಕ್ಷಣೆಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು. ಅದೇ ವರ್ಷ ಜುಲೈ 17ರಂದು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ, ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದಿತು. ಈ ಎರಡೂ ತೀರ್ಪುಗಳ ಮುಖ್ಯ ಪುಟಗಳು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತವೆ. ಠಾಣೆಯಲ್ಲಿ "ಇದೆಲ್ಲ ಎರಡೂ ಕಡೆಯವರು ಕೂತು ಮುಗಿಸಿಕೊಳ್ಳಿ ಮೇಡಂ" ಎನ್ನುವವರ ಮೇಜಿನ ಮೇಲೆ ಇಡಲು.

ಇನ್ನು ಹುಡುಗರ ವಿಷಯ. ಇದೇ ನನ್ನ ನಿಜವಾದ ಕೆಲಸ, ಮತ್ತು ಇದರ ಬಗ್ಗೆ ನಮ್ಮವರಲ್ಲೇ ಎಲ್ಲರಿಗೂ ಒಪ್ಪಿಗೆಯಿಲ್ಲ.

ನಮ್ಮ ಊರಿನ ಹುಡುಗ ಮತೀಯವಾದಿಯಾಗುವುದು ಪುಸ್ತಕ ಓದಿ ಅಥವಾ ಭಾಷಣ ಕೇಳಿ ಅಂತ ಹೊರಗಿನವರು ತಿಳಿದಿದ್ದಾರೆ. ಭಾಷಣ ಕೊನೆಗೆ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಹೋಗಿರುತ್ತದೆ. ಮನೆಯಲ್ಲಿ ಕೂತರೆ ಬೈಗುಳ, ಜಂಕ್ಷನ್ನಿನಲ್ಲಿ ಕೂತರೆ ಗೆಳೆಯರು. ಮತೀಯ ಸಂಘದವರು ಅಲ್ಲಿಗೆ ಬರುವುದು ಕ್ರಿಕೆಟ್ ಪಂದ್ಯದ ಬ್ಯಾಟು, ಟೀಶರ್ಟು ಹಿಡಿದುಕೊಂಡು. ಅವನ ಅಪ್ಪನಿಗೆ ಅಪಘಾತವಾದ ರಾತ್ರಿ ಆಂಬುಲೆನ್ಸ್ ಕರೆಸಿ, ರಕ್ತ ಕೊಡಲು ನಾಲ್ಕು ಜನರನ್ನು ಆಸ್ಪತ್ರೆಗೆ ಕರೆತರುವವರು ಅವರೇ. ತಂಗಿಯ ಮದುವೆಗೆ ಚಪ್ಪರ ಹಾಕಿಸುವವರೂ ಅವರೇ. ಈ ಕಡೆ ಕೇಸರಿ ಶಾಲಿನವರು ಹೇಗೋ, ಆ ಕಡೆ ಹಸಿರು ಬಾವುಟದವರೂ ಹಾಗೆಯೇ. ಆ ಹುಡುಗನ ಜೀವನದಲ್ಲಿ ಅವನನ್ನು ಹೆಸರು ಹಿಡಿದು ಕರೆದು "ನೀನು ಬೇಕು" ಅಂದವರು ಬೇರೆ ಯಾರೂ ಇರುವುದಿಲ್ಲ. ಆಮೇಲೆ ಒಂದು ದಿನ ಫೋನ್ ಬರುತ್ತದೆ. ಇಂಥ ಬಸ್ಸು, ಇಂಥ ಸ್ಟಾಪು, ಬೇಗ ಬಾ. ಅವನು ಹೋಗುತ್ತಾನೆ. ಹೋಗದಿದ್ದರೆ ರಕ್ತ ಕೊಟ್ಟವರಿಗೆ ಮುಖ ತೋರಿಸುವುದು ಹೇಗೆ?

ಕೇಸಾದ ಮೇಲೆ ಏನಾಗುತ್ತದೆಂದು ಯಾರೂ ಅವನಿಗೆ ಮೊದಲೇ ಹೇಳಿರುವುದಿಲ್ಲ. ಮೊದಲ ಜಾಮೀನಿಗೆ ಸಂಘದವರು ವಕೀಲರನ್ನು ಇಡುತ್ತಾರೆ, ಠಾಣೆಯ ಎದುರು ಘೋಷಣೆ ಕೂಗುತ್ತಾರೆ. ಎರಡು ವರ್ಷ ಕಳೆದ ಮೇಲೆ ಕೋರ್ಟಿನ ವಾಯ್ದೆಗೆ ಅವನ ಜೊತೆ ಬರುವುದು ಅವನ ಅಮ್ಮ ಮಾತ್ರ. ಪಾಸ್‌ಪೋರ್ಟಿಗೆ ಪೊಲೀಸ್ ವರದಿ ಸಿಗುವುದಿಲ್ಲ, ಗಲ್ಫಿನ ಕನಸು ಅಲ್ಲಿಗೆ ಮುಗಿಯಿತು. ಹೀಗೊಬ್ಬ ತಾಯಿ ನಾನು ಕೂರುವ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ರೇಷನ್ ಕಾರ್ಡು, ಆಧಾರ್, ಮಗನ ಅಂಕಪಟ್ಟಿ, ನಾಲ್ಕಾಗಿ ಮಡಿಸಿದ ಜಾಗದ ಆರ್‌ಟಿಸಿ (ಪಹಣಿ). ಮಗನಿಗೆ ವಾರಂಟಾಗಿ ಮತ್ತೆ ಒಳಗೆ ಹಾಕಿದ್ದರು, ಹೊಸ ಜಾಮೀನುದಾರ ಬೇಕಿತ್ತು. ಆರ್‌ಟಿಸಿ ಬಿಚ್ಚಿ ನೋಡಿದರೆ ಜಾಗ ಹತ್ತು ಸೆಂಟ್ಸ್, ಅದೂ ತೀರಿಹೋದ ಮಾವನ ಹೆಸರಿನಲ್ಲಿ. ಪಾಲು ಆಗಿಲ್ಲ, ಖಾತೆ ಬದಲಾಗಿಲ್ಲ. ಕೋರ್ಟು ಇದನ್ನು ಒಪ್ಪುವುದಿಲ್ಲ ಎಂದು ನಾನು ಹೇಳಬೇಕಾಯಿತು. ಅವರು ಕಾಗದವನ್ನು ಮತ್ತೆ ಅದೇ ಮಡಿಕೆಗೆ ಸರಿಯಾಗಿ ಮಡಿಸಿ ಚೀಲದಲ್ಲಿಟ್ಟರು. "ಅವರ ಹತ್ರ ಹೋದೆ ಅಕ್ಕ. ನೋಡುವ, ನೋಡುವ ಅಂತಾರೆ. ಫೋನ್ ತೆಗೆಯುವುದಿಲ್ಲ ಈಗ." ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕರಿ ಕೋಟು ಹಾಕಿದ್ದಕ್ಕೆ ಅಕ್ಕ ಅನ್ನುತ್ತಿದ್ದರು.

ಆ ಮಗ ಮಾಡಿದ್ದು ತಪ್ಪೇ. ಹೊಡೆದವನ ಪರ ನಾನು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಏಟು ತಿಂದವರ ಜೊತೆ ನಿಲ್ಲುವವಳು ನಾನು. ಆದರೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಅರ್ಜಿ ಬರೆದುಕೊಟ್ಟು ಕಳಿಸಿದೆ. ಕೇಳಿದ ಕೆಲವು ಸಂಗಾತಿಗಳು ಸಿಟ್ಟಾದರು. "ಅವನು ನಾಳೆ ನಿನಗೇ ಹೊಡೆಯುತ್ತಾನೆ." ಇರಬಹುದು. ಆದರೆ ಆ ತಾಯಿ ಹೊರಡುವಾಗ ನಾನು ಒಂದು ಮಾತು ಕೇಳಿದೆ: ಕಿರಿಯವನು ಏನು ಮಾಡುತ್ತಾನೆ? ಹತ್ತನೇ ಕ್ಲಾಸು. ಸಂಜೆ ಎಲ್ಲಿರುತ್ತಾನೆ? ಜಂಕ್ಷನ್ನಿನಲ್ಲಿ. ಭಾನುವಾರ ಕಳಿಸಿ ಅಂದೆ. ಬಂದ. ಈಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. ಅಣ್ಣನ ಗ್ರೂಪಿನಲ್ಲಿ ಅವನು ಇಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಮತೀಯವಾದವನ್ನು ಎದುರಿಸುವವರು ಮೊದಲು ತಮ್ಮ ಮನೆಯೊಳಗೆ, ತಮ್ಮ ಜಾತಿಯೊಳಗೆ, ತಮ್ಮ ದೇವಸ್ಥಾನದ ಅಂಗಳದೊಳಗೆ ಎದುರಿಸಬೇಕು. ಪುರಭವನದಲ್ಲಿ ನಾವು ನಾವೇ ಸೇರಿ ಚಪ್ಪಾಳೆ ತಟ್ಟುವುದು ನನಗೆ ಬೇಸರ ಬಂದಿದೆ. ಆ ಸಭೆಗಳೂ ಬೇಕು, ಧೈರ್ಯ ಬರುತ್ತದೆ. ಆದರೆ ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ನಾನು ಹೋಗದಿದ್ದರೆ, ಅಲ್ಲಿ ಮೈಕಿನಲ್ಲಿ ಏನು ಹೇಳಬೇಕೆಂದು ತೀರ್ಮಾನಿಸುವವರು ಸಂಘದವರೊಬ್ಬರೇ ಆಗುತ್ತಾರೆ. ನಾನು ಹೋಗುತ್ತೇನೆ. ನಾನು ದೇವರನ್ನು ನಂಬುವವಳು. ನಮ್ಮ ಕುಟುಂಬದ ದೈವಕ್ಕೆ ಕೋಲ ನಡೆಯುವಾಗ ರಾತ್ರಿಯಿಡೀ ಕೂರುತ್ತೇನೆ. ತುಳುನಾಡಿನ ದೈವ ಬೊಬ್ಬರ್ಯನ ಕಥೆಯಲ್ಲಿ ಮುಸ್ಲಿಂ ತಂದೆ ಇದ್ದಾನೆಂದು ನನಗೆ ಹೇಳಿದ್ದು ನಮ್ಮಜ್ಜಿಯೇ, ಯಾವ ಪ್ರಗತಿಪರರೂ ಅಲ್ಲ. ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಎಂಬ ಐತಿಹ್ಯ ಈ ಕರಾವಳಿಯಲ್ಲಿ ಗೊತ್ತಿಲ್ಲದವರಿಲ್ಲ. ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತದೆ. ಅದೇ ಬಪ್ಪನಾಡಿನ ಜಾತ್ರೆಗೆ 2022ರ ಮಾರ್ಚ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳು ಬರಬಾರದೆಂದು ಬ್ಯಾನರ್ ಬಿತ್ತು. ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲೂ ಅವರ ಅಂಗಡಿಗಳಿಗೆ ಜಾಗ ಸಿಗಲಿಲ್ಲ.

ಆಗ ಎಲ್ಲರೂ 2002ರ ಧಾರ್ಮಿಕ ದತ್ತಿ ನಿಯಮಗಳ 31(12) ಎಂದು ಹೇಳತೊಡಗಿದರು. ದೇವಸ್ಥಾನಕ್ಕೆ ಸೇರಿದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದು ಎಂಬ ನಿಯಮ ಅದು. ರಸ್ತೆ ಬದಿಯಲ್ಲಿ ಬಳೆ, ಆಟದ ಸಾಮಾನು ಇಟ್ಟುಕೊಂಡು ಕೂರುವವನಿಗೂ ಅದನ್ನೇ ಹೇಳಿ ಎಬ್ಬಿಸಿದರು. ನಮ್ಮ ಹತ್ತಿರದ ಒಂದು ಸಣ್ಣ ದೇವಸ್ಥಾನದ ಸಮಿತಿಯಲ್ಲೂ ಈ ಚರ್ಚೆ ಬಂತು. ನಾನು ಮತ್ತು ಅಮ್ಮ ಹೋಗಿ ಕೂತೆವು. ಹೆಂಗಸರು ಆ ಸಭೆಗೆ ಬರುವ ರೂಢಿಯಿರಲಿಲ್ಲ. ನಾನು ನಿಯಮ ಓದಿ ಹೇಳಿದೆ, ಯಾರೂ ಕಿವಿಗೊಡಲಿಲ್ಲ. ಅಮ್ಮ ಎದ್ದು ನಿಂತು, "ಆ ಬಳೆಯವನ ಅಪ್ಪ ನನ್ನ ಮದುವೆಗೆ ಬಳೆ ತೊಡಿಸಿದ್ದು. ಅವನ ಮಗ ಈ ವರ್ಷ ಬರುವುದು ಬೇಡ ಅಂತ ನೀವು ಹೇಳುವುದಾದರೆ ನನ್ನೆದುರಿಗೆ ಹೇಳಿ" ಅಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಬ್ಯಾನರ್ ಹಾಕುವ ವಿಷಯ ಆ ದಿನ ಅಲ್ಲಿಗೇ ನಿಂತಿತು. ಎಲ್ಲ ಕಡೆಯೂ ಹೀಗೆ ಆಗಲಿಲ್ಲ, ಬಹಳ ಕಡೆ ನಾವು ಸೋತೆವು. ಆದರೆ ಅಮ್ಮನ ಆ ಮಾತಿಗೆ ಇದ್ದ ತೂಕ ನನ್ನ ಕಾನೂನಿಗೆ ಇರಲಿಲ್ಲ, ಯಾಕೆಂದರೆ ಅವರು ಅಲ್ಲಿ ಮೂವತ್ತು ವರ್ಷ ಹೂ ಕಟ್ಟಿದವರು.

ಆ ಕಡೆಯ ಕೆಲಸ ಮಾಡುವವನು ನನ್ನ ಗೆಳೆಯ, ಬ್ಯಾರಿ ಹುಡುಗ, ಲಾ ಕಾಲೇಜಿನಲ್ಲಿ ಒಂದೇ ಬ್ಯಾಚು. 2010ರ ಜುಲೈಯಲ್ಲಿ ಕೇರಳದ ಮೂವಾಟ್ಟುಪುಳದಲ್ಲಿ ಪ್ರಶ್ನೆಪತ್ರಿಕೆಯ ನೆಪದಲ್ಲಿ ಪ್ರಾಧ್ಯಾಪಕರೊಬ್ಬರ ಕೈ ಕಡಿದಾಗ ಅವನಿನ್ನೂ ಶಾಲೆಯಲ್ಲಿದ್ದ. ತನ್ನ ಬೀದಿಯ ದೊಡ್ಡ ಹುಡುಗರು ಅದನ್ನು ಹೊಗಳಿದ್ದನ್ನು ಕೇಳಿ ಮನೆಗೆ ಬಂದು ಅತ್ತಿದ್ದನಂತೆ. ಅವನ ಜಗಳ ಆಗ ಶುರುವಾದದ್ದು. ತಮ್ಮ ಹುಡುಗಿ ಹಿಂದೂ ಹುಡುಗನ ಜೊತೆ ಐಸ್‌ಕ್ರೀಮ್ ಪಾರ್ಲರಿನಲ್ಲಿ ಕೂತಳೆಂದು ವಿಡಿಯೋ ಮಾಡಿ ಹರಿಬಿಡುವವರು ಆ ಕಡೆಯೂ ಇದ್ದಾರೆ, ಬುರ್ಖಾ ಎಳೆದು ಮುಖ ತೋರಿಸು ಅನ್ನುವವರಿದ್ದಾರೆ. 2022ರ ಸೆಪ್ಟೆಂಬರ್ 28ರಂದು ಪಾಪ್ಯುಲರ್ ಫ್ರಂಟ್ (ಪಿಎಫ್‌ಐ) ಎಂಬ ಮುಸ್ಲಿಂ ಸಂಘಟನೆಯ ನಿಷೇಧವಾದಾಗ ಹಲವರು ಅವನಿಗೆ "ನಿನ್ನ ಕೆಲಸ ಹಗುರವಾಯಿತಲ್ಲ" ಅಂದರು. ಆ ಹುಡುಗರು ಎಲ್ಲಿಗೂ ಹೋಗಿಲ್ಲ, ಅವರ ಸಿಟ್ಟೂ ಹೋಗಿಲ್ಲ. ಅವನು ಹೇಳುವುದು, ನನ್ನ ಕಷ್ಟ ಅವನದರ ಅರ್ಧ. ನನ್ನನ್ನು ಬೈದವರು ದ್ರೋಹಿ ಅನ್ನುತ್ತಾರೆ, ಅಷ್ಟೇ. ಅವನು ತನ್ನವರನ್ನು ಟೀಕಿಸಿದರೆ ಅದನ್ನೇ ತುಂಡು ಮಾಡಿ ಈ ಕಡೆಯವರು ಇಡೀ ಸಮುದಾಯವನ್ನು ಹಳಿಯಲು ಬಳಸುತ್ತಾರೆ. ಸುಮ್ಮನಿದ್ದರೆ ಹುಡುಗರು ಕೈತಪ್ಪುತ್ತಾರೆ. ಹಾಗಾಗಿ ಅವನು ಮೈಕಿನಲ್ಲಿ ಮಾತಾಡುವುದಿಲ್ಲ, ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಮಾತಾಡುತ್ತಾನೆ. ನಾನು ಅಲ್ಲಿಗೆ ಹೋಗುವುದಿಲ್ಲ. ಅವನು ನಮ್ಮ ಭಜನಾ ಮಂದಿರಕ್ಕೆ ಬರುವುದಿಲ್ಲ. ರಾತ್ರಿ ಫೋನಿನಲ್ಲಿ ಲೆಕ್ಕ ಒಪ್ಪಿಸಿಕೊಳ್ಳುತ್ತೇವೆ.

2025ರ ಏಪ್ರಿಲ್, ಮೇ ತಿಂಗಳನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಏಪ್ರಿಲ್ 27ರಂದು ಕುಡುಪುವಿನ ಕ್ರಿಕೆಟ್ ಮೈದಾನದ ಹತ್ತಿರ ವಯನಾಡಿನ ಒಬ್ಬ ಬಡಪಾಯಿ ಮುಸ್ಲಿಮನನ್ನು ಗುಂಪು ಹೊಡೆದು ಕೊಂದಿತು. ಮೊದಲು ಅಸಹಜ ಸಾವೆಂದು ದಾಖಲಾಗಿತ್ತು, ಆಮೇಲೆ ಕರ್ತವ್ಯಲೋಪಕ್ಕಾಗಿ ಪೊಲೀಸರೇ ಅಮಾನತಾದರು. ಮೇ 1ರ ರಾತ್ರಿ ಬಜಪೆಯ ಕಿನ್ನಿಪದವಿನಲ್ಲಿ ಇನ್ನೊಂದು ಕೊಲೆ. ಸತ್ತವನು ಹಿಂದೂ ಸಂಘಟನೆಯವನು, 2022ರ ಜುಲೈ 28ರಂದು ಸುರತ್ಕಲ್‌ನಲ್ಲಿ ನಡೆದ ಮುಸ್ಲಿಂ ಯುವಕನ ಕೊಲೆಯ ಆರೋಪಿ. ಆ ಸುರತ್ಕಲ್ ಕೊಲೆ ನಡೆದದ್ದು ಬೆಳ್ಳಾರೆಯಲ್ಲಿ ಹಿಂದೂ ಯುವಕನ ಕೊಲೆಯಾದ ಎರಡು ದಿನಕ್ಕೆ. ಮೇ 27ರಂದು ನಮ್ಮದೇ ತಾಲೂಕಿನ ಕೊಳ್ತಮಜಲಿನಲ್ಲಿ, ಪಿಕಪ್ಪಿನಿಂದ ಮರಳು ಇಳಿಸುತ್ತಿದ್ದ ಮುಸ್ಲಿಂ ಯುವಕನನ್ನು ಕಡಿದು ಕೊಂದರು. ಎಫ್‌ಐಆರ್‌ನಲ್ಲಿ ಅವನಿಗೆ ಪರಿಚಯವಿದ್ದವರ ಹೆಸರೇ ಇದೆಯೆಂದು ಪತ್ರಿಕೆಗಳಲ್ಲಿ ಬಂತು. ಪಕ್ಕದ ಮನೆಯ ಬ್ಯಾರಿ ಹೆಂಗಸು, ಅಮ್ಮನ ಜೊತೆ ಮೆರವಣಿಗೆಗೆ ಹೋಗುತ್ತಿದ್ದವರು, ಆ ಸಂಜೆ ನಮ್ಮ ಮನೆಗೆ ಬರಲಿಲ್ಲ. ಅಮ್ಮನೇ ಹೋದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ.

ಅಂಥ ರಾತ್ರಿಗಳಲ್ಲಿ ನಮಗೆ ಇರುವ ಸಮಯ ಮೊದಲ ಎರಡು ಮೂರು ಗಂಟೆ. ನಿಷೇಧಾಜ್ಞೆ ಬರುವ ಮೊದಲು, ಅಂತ್ಯಕ್ರಿಯೆಯ ಮೆರವಣಿಗೆ ಹೊರಡುವ ಮೊದಲು, "ಇಂಥಲ್ಲಿ ಬಸ್ಸಿಗೆ ಕಲ್ಲು ಬಿತ್ತಂತೆ, ಇನ್ನೊಬ್ಬನಿಗೆ ಹಾಕಿದರಂತೆ" ಎಂಬ ಧ್ವನಿ ಸಂದೇಶಗಳು ಫೋನಿನಿಂದ ಫೋನಿಗೆ ಹಾರುವ ಹೊತ್ತು. ನಮ್ಮ ಹತ್ತಿರ ದೊಡ್ಡ ಉಪಾಯವೇನೂ ಇಲ್ಲ. ಸುದ್ದಿ ಬಂದ ಊರಿನಲ್ಲಿ ಯಾರಿದ್ದಾರೋ ಅವರಿಗೆ ಫೋನ್ ಮಾಡಿ, "ನೀನು ಕಣ್ಣಾರೆ ನೋಡಿದ್ದೀಯಾ?" ಎಂದು ಕೇಳುತ್ತೇವೆ. ಸುಳ್ಳಾಗಿದ್ದರೆ, ಅಲ್ಲಿನ ಜಂಕ್ಷನ್ನಿನಲ್ಲೇ ನಿಂತು ಎಲ್ಲ ಸರಿಯಿದೆ ಎಂದು ವಿಡಿಯೋ ಮಾಡಿಸಿ ಅದೇ ಗ್ರೂಪುಗಳಿಗೆ ಹಾಕಿಸುತ್ತೇವೆ. ಕಾಲೇಜು, ಕೆಲಸ ಮುಗಿಸಿ ಮನೆಗೆ ಹೊರಟ ಹುಡುಗರ ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ಮನೆ ಮುಟ್ಟಿಸುತ್ತೇವೆ. ಬಿಸಿರಕ್ತದವರ ಅಮ್ಮಂದಿರಿಗೆ ಫೋನ್ ಮಾಡಿ ಬೈಕಿನ ಕೀ ತೆಗೆದಿಟ್ಟುಕೊಳ್ಳಿ ಅನ್ನುತ್ತೇನೆ. ಇದು ಎಷ್ಟೋ ಸಲ ಕೆಲಸ ಮಾಡಿದೆ. ಮೇ 27ರ ರಾತ್ರಿ ನನ್ನ ಗೆಳೆಯ ಬೆಳಗಾಗುವವರೆಗೂ ಹೊರಗಿದ್ದ. ಅವನ ಹುಡುಗರು ಕೇಳಿದ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ: "ನ್ಯಾಯ ಸಿಗ್ತದೆ ಅಂತ ನೀನು ಹೇಗೆ ಹೇಳ್ತೀ?" ಆ ಜೂನ್‌ನಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆಂದು 248 ಮಂದಿಯ ವಿಶೇಷ ಕಾರ್ಯಪಡೆ ಮಾಡಿತು. ಆದದ್ದು ಒಳ್ಳೆಯದೇ. ಆದರೆ ಆ ಹುಡುಗರ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕೋರ್ಟು, ಅದಕ್ಕೆ ಸಾಕ್ಷಿಗಳು ಉಳಿಯಬೇಕು. ಮತ್ತೆ ಅಲ್ಲಿಗೇ ಬಂದೆ.

ಹೆದರಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಫೋಟೋಕ್ಕೆ ಕೊಳಕು ಮಾತು ಬರೆದು ಹಂಚಿದ್ದಾರೆ, ನೋಡಲು ಬಂದ ಸಂಬಂಧಗಳು ಹಿಂದೆ ಸರಿದಿವೆ. ಅಮ್ಮ ರಾತ್ರಿ ನಾನು ಬರುವವರೆಗೆ ಹೊರಗಿನ ಲೈಟು ಆರಿಸುವುದಿಲ್ಲ. ಪತ್ರಕರ್ತೆ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಕೊಂದಾಗ ನಾನು ಲಾ ಓದುತ್ತಿದ್ದೆ. ಬಾಬಾಬುಡನ್‌ಗಿರಿಯ ಹೋರಾಟದ ದಿನಗಳಿಂದ ಅವರ ಜೊತೆ ನಡೆದಾಡಿದ ಹಿರಿಯರು ನಮಗೆ ಗುರುಗಳಾಗಿದ್ದರು. ಅವತ್ತು ಆ ಹಿರಿಯರು ಅತ್ತದ್ದನ್ನು ನೋಡಿದ್ದೇನೆ. ಕಾನ್ಪುರದ ಗಣೇಶ ಶಂಕರ ವಿದ್ಯಾರ್ಥಿಯವರ ಕಥೆಯನ್ನು ಮೊದಲು ಹೇಳಿದ್ದೂ ಅವರೇ. ಭಗತ್ ಸಿಂಗ್‌ನನ್ನು ಗಲ್ಲಿಗೇರಿಸಿದ ಎರಡು ದಿನಕ್ಕೆ, 1931ರ ಮಾರ್ಚ್ 25ರಂದು, ಗಲಭೆಯಲ್ಲಿ ಸಿಕ್ಕಿಬಿದ್ದ ಹಿಂದೂಗಳನ್ನೂ ಮುಸ್ಲಿಮರನ್ನೂ ಬಿಡಿಸುತ್ತಾ ಪ್ರಾಣಬಿಟ್ಟ ಪತ್ರಕರ್ತ. ಅಹಮದಾಬಾದಿನ ವಸಂತರಾವ್ ಮತ್ತು ರಜಬ್ ಅಲಿ 1946ರ ಜುಲೈ 1ರಂದು ಗುಂಪಿನೆದುರು ಜೊತೆಯಾಗಿ ನಿಂತು ಸತ್ತವರು. ಅವರನ್ನು ನೆನೆದಾಗ ನನಗೆ ಅನ್ನಿಸುವುದು, ಇವರೆಲ್ಲ ತಮಗೆ ಗೊತ್ತಿದ್ದ ಬೀದಿಗಳಿಗೆ ಹೋದರು. ಜನರಿಗೂ ಅವರು ಗೊತ್ತಿದ್ದರು.

ಈಗ ಕೆಲಸದ ಮಾತು. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬಿದ್ದವರಿಗೆ ಪಾಠ ನಡೆಯುತ್ತದೆ. ಎರಡೂ ಕಡೆಯ ಹುಡುಗರು ಬರುತ್ತಾರೆ, ಮೊದಲ ವಾರಗಳಲ್ಲಿ ಬೇರೆ ಬೇರೆ ಬೆಂಚು, ಆಮೇಲೆ ಜಾಗ ಸಾಲದೆ ಒಟ್ಟಿಗೆ. ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇರುವುದರಿಂದ ಹುಡುಗರು ವರ್ಷವಿಡೀ ಜಂಕ್ಷನ್ನಿನಲ್ಲಿ ಕೂರಬೇಕಾಗಿಲ್ಲ, ಯಾರಾದರೂ ಕಲಿಸಿದರೆ. ಇಂಗ್ಲಿಷಿಗೆ ನಮ್ಮಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಗಣಿತಕ್ಕೆ ಯಾರೂ ಇಲ್ಲ. ಬಿ.ಸಿ.ರೋಡ್, ಮೆಲ್ಕಾರ್, ಕಲ್ಲಡ್ಕದ ಕಡೆಯಿಂದ ಬರಬಲ್ಲವರು ನನಗೆ ತಿಳಿಸಿ. ಬಸ್ಸಿನ ದುಡ್ಡು ಕೊಡುತ್ತೇವೆ, ಮಧ್ಯಾಹ್ನ ಊಟ ನಮ್ಮ ಮನೆಯಲ್ಲಿ.